ಮಿದುಳಿನೊಳಗಿನ ನೆತ್ತರ ಸಿಕ್ಕು

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ಪಟ್ಟಿ ಎಂದು ಭಾವಿಸುವುದು ಶಾಲೆಯ ದಿನಗಳಿಂದ ನಮಗೆಲ್ಲ ಬಂದ ರೂಢಿ. ರೋಗಗಳಿಗೂ ಚರಿತ್ರೆಯುಂಟು, ಅವುಗಳೊಡನೆ ಹೆಣಗಿದವರ ಬುದ್ಧಿ, ಧೈರ್ಯ, ಹಿಂಜರಿಕೆಗಳಿಗೂ ಚರಿತ್ರೆಯುಂಟು. ಸಿಡುಬನ್ನು ಮನುಷ್ಯ ಗೆದ್ದ ಕಥೆಯಂತೆ ಆದಿ ಅಂತ್ಯಗಳು ಸ್ಪಷ್ಟವಾಗಿರುವ ಚರಿತ್ರೆಗಳು ಕೆಲವು. ಇನ್ನು ಕೆಲವು ರೋಗಗಳ ವಿಷಯದಲ್ಲಿ ಉಪಕರಣಗಳು ಬೆಳೆದಿವೆ, ಜ್ಞಾನ ಬೆಳೆದಿದೆ. ಆದರೂ ಮೊದಲ ದಿನ ಎದ್ದ ಪ್ರಶ್ನೆ ಇಂದಿಗೂ ವೈದ್ಯನೆದುರು ನಿಂತೇ ಇದೆ. ಕೈಹಾಕುವುದು ಲೇಸೊ, ಕೈಕಟ್ಟಿ ಕಾಯುವುದು ಲೇಸೊ ಎಂಬುದು ಆ ಪ್ರಶ್ನೆ. ಮಿದುಳಿನ ರಕ್ತನಾಳಗಳಲ್ಲಿ ಕಾಣಿಸಿಕೊಳ್ಳುವ ಒಂದು ವಿಕೃತಿಯ ಚಿಕಿತ್ಸೆ ಈ ಎರಡನೆಯ ಬಗೆಗೆ ಸೇರಿದ್ದು. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು ವಿಕೃತಿಯ ಸ್ವರೂಪವನ್ನು ತಿಳಿಯೋಣ. ಹೃದಯದಿಂದ ಹೊರಟ ರಕ್ತವನ್ನು ಅಂಗಾಂಗಗಳಿಗೆ ಒಯ್ಯುವ ನಾಳಕ್ಕೆ ಧಮನಿಯೆಂದೂ, ಹಿಂದಕ್ಕೆ ತರುವ ನಾಳಕ್ಕೆ ಸಿರೆಯೆಂದೂ ಇಲ್ಲಿ ಕರೆಯುತ್ತೇನೆ. ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ಶಬ್ದಗಳಿಗೆ ಇದ್ದ ಅರ್ಥ ಸ್ವಲ್ಪ ಬೇರೆ. ಆ ಚರ್ಚೆ ಇಲ್ಲಿ ಬೇಡ. ಗದ್ದೆಗೆ ನೀರು ಹಾಯುವ ಕ್ರಮವನ್ನು ನೆನೆಯಿರಿ. ಕೆರೆಯ ತೂಬಿನಿಂದ ಹೊರಟ ನೀರು ದೊಡ್ಡ ಕಾಲುವೆಯಲ್ಲಿ ರಭಸದಿಂದ ಬರುತ್ತದೆ, ಕವಲುಗಾಲುವೆಗಳಲ್ಲಿ ಹಂಚಿಹೋಗುತ್ತದೆ, ಗದ್ದೆಯ ಮಡಿಮಡಿಗೂ ಮೆಲ್ಲಗೆ ಹರಡಿ, ಪೈರಿನ ಬೇರನ್ನು ತಣಿಸಿ, ಮಿಕ್ಕದ್ದು ಬಸಿಗಾಲುವೆಗೆ ಇಳಿದು ಹೊಳೆ ಸೇರುತ್ತದೆ. ದೊಡ್ಡ ಕಾಲುವೆಯೇ ಧಮನಿ, ಬಸಿಗಾಲುವೆಯೇ ಸಿರೆ. ನಡುವೆ ಗದ್ದೆಯಲ್ಲಿ ಹರಡುವ ಕೂದಲೆಳೆಯಂಥ ಹರಿವುಗಳೇ ಲೋಮನಾಳಗಳು. ರಕ್ತದ ರಭಸ ತಗ್ಗುವುದು ಇಲ್ಲಿಯೇ. ಮಿದುಳಿಗೆ ಆಹಾರ ಸಲ್ಲುವುದೂ ಇಲ್ಲಿಯೇ.

ಕೆಲವರ ಮಿದುಳಿನ ಒಂದೆಡೆ ಈ ಲೋಮನಾಳಗಳೇ ಇರುವುದಿಲ್ಲ. ಧಮನಿಯು ನೇರವಾಗಿ ಸಿರೆಗೆ ಕೂಡಿಬಿಟ್ಟಿರುತ್ತದೆ. ಕೂಡುವ ಸ್ಥಳದಲ್ಲಿ ನಾಳಗಳು ಒಂದರೊಡನೊಂದು ಹೆಣೆದು, ನೂಲಿನ ಸಿಕ್ಕಿನಂತೆ ಗಂಟಾಗಿರುತ್ತವೆ. ದೊಡ್ಡ ಕಾಲುವೆಯ ನೀರು ಗದ್ದೆಗೆ ಹರಡದೆ ಒಮ್ಮೆಗೇ ಬಸಿಗಾಲುವೆಗೆ ನುಗ್ಗಿದರೆ ಏನಾದೀತೊ ಅದೇ ಇಲ್ಲಿಯೂ ಆಗುತ್ತದೆ. ತೆಳುಗೋಡೆಯ ಸಿರೆ ಆ ಒತ್ತಡಕ್ಕೆ ಹುಟ್ಟಿದ್ದಲ್ಲ. ಅದು ಹಿಗ್ಗುತ್ತದೆ, ಸೊಟ್ಟಗಾಗುತ್ತದೆ, ಒಂದು ದಿನ ಒಡೆಯಲೂಬಹುದು. ಒಡೆದರೆ ಮಿದುಳಿನೊಳಗೆ ರಕ್ತಸ್ರಾವ. ಒಡೆಯದಿದ್ದರೂ ಕೆಲವರಲ್ಲಿ ಅಪಸ್ಮಾರ, ತಲೆನೋವು. ಲಕ್ಷ ಜನರಲ್ಲಿ ಸುಮಾರು 10ರಿಂದ 18 ಮಂದಿಗೆ ಇಂಥ ಸಿಕ್ಕು ಇರಬಹುದೆಂದು ಅಂದಾಜು. ಸಂಖ್ಯೆ ಸಣ್ಣದೇ. ಆದರೆ ಇದು ಬಹುವಾಗಿ ಮೇಲೆದ್ದು ಬರುವುದು ಎಳೆಯರಲ್ಲಿ, ನಡುಹರೆಯದವರಲ್ಲಿ. ಮನೆ ನಡೆಸುವ ವಯಸ್ಸಿನವರಲ್ಲಿ.

ಇನ್ನು ಚರಿತ್ರೆಗೆ ಬರೋಣ. ಧಮನಿ ಸಿರೆಗಳ ಈ ಅಕ್ರಮ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ವರ್ಣಿಸಿದವರು ಲಂಡನ್ನಿನ ವಿಲಿಯಂ ಹಂಟರ್ ಅವರು. ಅವರು ಅದನ್ನು ಕಂಡದ್ದು ಮಿದುಳಿನಲ್ಲಲ್ಲ, ಮೊಣಕೈಯ ಮಡಿಕೆಯಲ್ಲಿ. ಆ ಕಾಲದಲ್ಲಿ ಬಗೆಬಗೆಯ ರೋಗಗಳಿಗೆ ಕೈಯ ಸಿರೆಯನ್ನು ಚುಚ್ಚಿ ರಕ್ತ ತೆಗೆಯುವ ಪದ್ಧತಿಯಿತ್ತು. ಚುಚ್ಚಿದ ಅಲಗು ಸಿರೆಯನ್ನು ದಾಟಿ ಕೆಳಗಿನ ಧಮನಿಗೂ ತಾಗಿದರೆ, ಗಾಯ ಮಾಯುವಾಗ ಎರಡೂ ಒಂದಕ್ಕೊಂದು ಬಾಯಿಗೂಡಿಬಿಡುತ್ತಿದ್ದುವು. ಅಲ್ಲಿ ಬೆರಳಿಟ್ಟರೆ ನಡುಕ, ಕಿವಿಯಿಟ್ಟರೆ ಬುಸುಗುಟ್ಟುವ ಸದ್ದು. 1757ರಲ್ಲಿಯೂ ಮತ್ತೆ 1762ರಲ್ಲಿಯೂ ಹಂಟರ್ ಅವರು ಇದನ್ನು ಬರೆದರು. ಮುಂದೆ ಮಿದುಳಿನ ಸಿಕ್ಕನ್ನು ಶಂಕಿಸಲು ವೈದ್ಯರಿಗೆ ದೊರೆತ ಸಾಧನಗಳಲ್ಲಿ ತಲೆಬುರುಡೆಗೆ ಕಿವಿಗೊಟ್ಟು ಕೇಳುವ ಇದೇ ಸದ್ದೂ ಒಂದು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬರ್ಲಿನ್ನಿನ ರೂಡಾಲ್ಫ್ ವಿರ್ಕೋ ಅವರು ರಕ್ತನಾಳಗಳ ಇಂಥ ಬೆಳವಣಿಗೆಗಳನ್ನು ವಿಂಗಡಿಸಿ ಹೆಸರಿಟ್ಟರು. ಅವನ್ನು ಅವರು ಚರ್ಚಿಸಿದ್ದು ಗಡ್ಡೆಗಳನ್ನು ಕುರಿತ ತಮ್ಮ ಉಪನ್ಯಾಸಗಳಲ್ಲಿ. ಹೀಗಾಗಿ ಈ ಸಿಕ್ಕಿಗೆ ಬಹುಕಾಲ ಗಡ್ಡೆಯೆಂಬ ಹೆಸರೇ ಅಂಟಿಕೊಂಡಿತು. ಹೆಸರಿನಲ್ಲೇನಿದೆ ಎನ್ನಬೇಡಿ. ಗಡ್ಡೆಯೆಂದೊಡನೆ ಕತ್ತಿ ಕೈಗೆ ಬರುತ್ತದೆ. ಇದಾದರೊ ರಭಸದ ರಕ್ತ ತುಂಬಿದ ನಾಳಗಳ ಹೆಣಿಗೆ. 1889ರಲ್ಲಿ ಪ್ಯಾರಿಸ್ಸಿನ ಜೂಲ್ ಪೆಯಾನ್ ಅವರು ಅಪಸ್ಮಾರದಿಂದ ನರಳುತ್ತಿದ್ದ ಹುಡುಗನೊಬ್ಬನ ಮಿದುಳಿನಿಂದ ಇಂಥದೊಂದನ್ನು ತೆಗೆದರೆಂದು ಚರಿತ್ರಕಾರರು ಗುರುತಿಸುತ್ತಾರೆ. ಆದರೆ ಒಂದು ಗೆಲವಿನಿಂದ ದಾರಿ ತೆರೆಯಲಿಲ್ಲ. ಬುರುಡೆ ತೆರೆದು ನೋಡಿ, ಅಲ್ಲಿ ಮಿಡಿಯುತ್ತಿದ್ದ ನೀಲಿ ಕೆಂಪು ನಾಳಗಳನ್ನು ಕಂಡು, ಹಾಗೆಯೇ ಮುಚ್ಚಿದ ಸಂದರ್ಭಗಳೇ ಹೆಚ್ಚು.

1928ನೆಯ ಇಸವಿ ಈ ಚರಿತ್ರೆಯ ಒಂದು ಮೈಲಿಗಲ್ಲು. ಅಮೆರಿಕದ ಇಬ್ಬರು ಮಹಾ ಶಸ್ತ್ರವೈದ್ಯರು ಆ ಒಂದೇ ವರ್ಷದಲ್ಲಿ ತಂತಮ್ಮ ಅನುಭವಗಳನ್ನು ಪ್ರಕಟಿಸಿದರು. ಬಾಸ್ಟನ್ನಿನ ಹಾರ್ವಿ ಕುಷಿಂಗ್ ಅವರು ಪರ್ಸಿವಲ್ ಬೇಯ್ಲಿಯವರೊಡನೆ ಗ್ರಂಥವನ್ನು ರಚಿಸಿದರು. ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿಯವರು ದೀರ್ಘ ಲೇಖನವನ್ನು ಬರೆದರು. ನಿಜವಾದ ಗಡ್ಡೆ ಬೇರೆ, ಹುಟ್ಟಿನ ವಿಕೃತಿ ಬೇರೆ ಎಂಬ ಭೇದವನ್ನು ಕುಷಿಂಗ್ ಅವರ ಗ್ರಂಥ ಖಚಿತಪಡಿಸಿತು. ಹೆಸರಿನ ಗೊಂದಲ ತೊಲಗುವುದಕ್ಕೆ ಅದೇ ಆರಂಭ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಇಬ್ಬರ ತೀರ್ಮಾನವೂ ಕತ್ತಲೆಯದೇ. ಇದಕ್ಕೆ ಕೈಹಾಕುವುದು ಬಹುಪಾಲು ವ್ಯರ್ಥ, ಜೊತೆಗೆ ಪ್ರಾಣಾಂತಿಕ ಅಪಾಯ ಎಂದರು. ಮಿದುಳಿನ ಶಸ್ತ್ರಚಿಕಿತ್ಸೆಯನ್ನೇ ಒಂದು ಶಾಸ್ತ್ರವಾಗಿ ಕಟ್ಟಿದ ಕೈಗಳು ಅವು. ಅವರೇ ಹಿಂದೆಗೆದರೆಂದರೆ ಕಷ್ಟದ ಪರಿಮಾಣವನ್ನು ನೀವೇ ಊಹಿಸಬಹುದು.

ರಕ್ತ ತರುವ ಧಮನಿಯೊಂದನ್ನು ಕಟ್ಟಿಬಿಟ್ಟರೆ ಸಾಲದೆ ಎಂದು ನೀವು ಕೇಳಬಹುದು. ಆ ಕಾಲದ ವೈದ್ಯರೂ ಹಾಗೆಯೇ ಯೋಚಿಸಿದರು, ಹಾಗೆ ಕಟ್ಟಿಯೂ ನೋಡಿದರು. ಆದರೆ ಬಸಿಗಾಲುವೆಯ ಕಡೆಗೆ ಇಳಿಜಾರು ಇರುವ ತನಕ ಒಂದು ಕವಲನ್ನು ಮುಚ್ಚಿದರೆ ನೀರು ಮತ್ತೊಂದು ಕವಲನ್ನು ಹುಡುಕಿಕೊಳ್ಳುತ್ತದೆ. ಕಟ್ಟಿದ ಧಮನಿಯ ಬದಲು ಅಕ್ಕಪಕ್ಕದ ಧಮನಿಗಳು ದಪ್ಪವಾಗಿ ಸಿಕ್ಕನ್ನು ಮೊದಲಿನಂತೆಯೇ ಸಾಕುತ್ತಿದ್ದುವು. ತೆಗೆಯುವುದಾದರೆ ಪೂರ್ತಿ ತೆಗೆಯಬೇಕು. ಅರೆಬರೆ ಕೆಲಸದಿಂದ ಲಾಭವಿಲ್ಲ. ಇದು ಆ ಕಾಲದ ಸೋಲುಗಳು ಕಲಿಸಿದ ಪಾಠ. ಅದು ಇಂದಿಗೂ ಅಳಿದಿಲ್ಲ.

ಪೂರ್ತಿ ತೆಗೆಯಲು ಮೊದಲು ಪೂರ್ತಿ ಕಾಣಬೇಕಲ್ಲವೆ? ಆ ಕಣ್ಣನ್ನು ಕೊಟ್ಟವರು ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಅವರು. ರಕ್ತನಾಳ ಕ್ಷ-ಕಿರಣಕ್ಕೆ ಕಾಣುವುದಿಲ್ಲ. ಕಿರಣವನ್ನು ತಡೆಯುವ ದ್ರವವೊಂದನ್ನು ಅದರೊಳಗೆ ಹಾಯಿಸಿದರೆ ನಾಳದ ನೆರಳು ಬೀಳುತ್ತದೆ. ಮೋನಿಜ್ ಅವರ ಮೊದಲ ಯತ್ನಗಳು ಫಲಿಸಲಿಲ್ಲ. ಒಬ್ಬ ರೋಗಿ ಸತ್ತ. ಕೊನೆಗೆ 1927ರ ಜೂನ್ 28ರಂದು ಲಿಸ್ಬನ್ನಿನಲ್ಲಿ, ಕುತ್ತಿಗೆಯ ಧಮನಿಗೆ ಸೋಡಿಯಂ ಅಯೋಡೈಡ್ ದ್ರಾವಣವನ್ನು ಹಾಯಿಸಿ, ಜೀವಂತ ಮನುಷ್ಯನ ಮಿದುಳಿನ ನಾಳಗಳನ್ನು ಚಿತ್ರದಲ್ಲಿ ಕಂಡರು. 1949ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು; ಅದು ಬಂದದ್ದು ಈ ಶೋಧಕ್ಕಲ್ಲ, ಮನೋರೋಗಕ್ಕೆಂದು ಅವರು ಹೂಡಿದ ಬೇರೊಂದು ಶಸ್ತ್ರಕ್ರಿಯೆಗೆ. ಆ ಶಸ್ತ್ರಕ್ರಿಯೆಯನ್ನು ಲೋಕ ಮುಂದೆ ಕೈಬಿಟ್ಟಿತು. ನಾಳಚಿತ್ರವನ್ನು ಮಾತ್ರ ಇಂದಿಗೂ ಬಳಸುತ್ತಿದೆ.

ಈ ಚಿತ್ರದ ಬಲದಿಂದ ಮೊದಲು ಮುನ್ನಡೆದವರು ಸ್ವೀಡನ್ನಿನವರು. 1932ರಲ್ಲಿ ಸ್ಟಾಕ್‌ಹೋಮಿನ ಹರ್ಬರ್ಟ್ ಓಲಿವೆಕ್ರೋನಾ ಅವರು ಹಿಂಮಿದುಳಿನಲ್ಲಿದ್ದ ಸಿಕ್ಕೊಂದನ್ನು ಸಂಪೂರ್ಣವಾಗಿ ತೆಗೆದರು. 1949ರಲ್ಲಿ ಅವರ ಬಳಗದ ಯೋಸ್ಟಾ ನೂರ್ಲೇನ್ ಅವರು ಹತ್ತು ರೋಗಿಗಳಲ್ಲಿ ಪೂರ್ತಿ ತೆಗೆದ ವರದಿಯನ್ನು ಪ್ರಕಟಿಸಿದರು. ಹತ್ತು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಸಿಕ್ಕು ಹೋದಮೇಲೆ ತೆಗೆದ ಚಿತ್ರಗಳಲ್ಲಿ, ಊದಿಕೊಂಡಿದ್ದ ನೆರೆಯ ನಾಳಗಳು ತಮ್ಮ ಸಹಜ ಗಾತ್ರಕ್ಕೆ ಮರಳಿದ್ದು ಕಂಡಿತು. ಇಳಿಜಾರು ಇಲ್ಲವಾದಾಗ ನೀರು ತನ್ನ ಹಳೆಯ ಕಾಲುವೆಗೆ ಮರಳಿತು. ಕುಷಿಂಗ್, ಡ್ಯಾಂಡಿ ಇವರ ನಿರಾಶೆಗೆ ಇಪ್ಪತ್ತೊಂದು ವರ್ಷಗಳ ಮೇಲೆ ದೊರೆತ ಉತ್ತರವಿದು.

ಮುಂದಿನ ಹೆಜ್ಜೆ ಸೂಕ್ಷ್ಮದರ್ಶಕದ್ದು. ತುರ್ಕಿಯಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ಕಿನಲ್ಲಿ ದುಡಿದ ಗಾಜಿ ಯಾಶಾರ್ಗಿಲ್ ಅವರು, 1965ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತಕ್ಕೆ ಹೋಗಿ, ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಷ್ಟು ಸಣ್ಣ ನಾಳಗಳನ್ನು ಹೊಲಿಯುವ ಅಭ್ಯಾಸ ಮಾಡಿದರು. 1967ರಿಂದ ಜ್ಯೂರಿಕ್ಕಿನಲ್ಲಿ ಆ ವಿದ್ಯೆಯನ್ನು ಮಿದುಳಿನ ಶಸ್ತ್ರಚಿಕಿತ್ಸೆಗೆ ತಂದರು. ಅಮೆರಿಕದ ಲೆನಾರ್ಡ್ ಮ್ಯಾಲಿಸ್ ಅವರು ಬೆಳೆಸಿದ ಚಿಮುಟವೊಂದು ಇದಕ್ಕೆ ಒದಗಿಬಂತು. ಅದರ ಎರಡು ತುದಿಗಳ ನಡುವೆ ಮಾತ್ರ ವಿದ್ಯುತ್ತು ಹರಿದು, ಹಿಡಿದ ನಾಳ ಸುಟ್ಟು ಮುಚ್ಚುತ್ತದೆ. ನೆರೆಯ ಮಿದುಳಿಗೆ ಬಿಸಿ ಹಬ್ಬದು. ಸಿಕ್ಕನ್ನು ಸುತ್ತಲಿನಿಂದ ಬಿಡಿಸುತ್ತ, ರಕ್ತ ತರುವ ಧಮನಿಗಳನ್ನು ಮೊದಲು ಮುಚ್ಚಿ, ಹೊರಗೆ ಒಯ್ಯುವ ಸಿರೆಯನ್ನು ಕಟ್ಟಕಡೆಗೆ ಮುಚ್ಚಬೇಕು. ಈ ಕ್ರಮ ತಲೆಕೆಳಗಾದರೆ, ಬಸಿಗಾಲುವೆ ಕಟ್ಟಿದ ಗದ್ದೆಯಂತೆ, ಸಿಕ್ಕು ತುಂಬಿ ಒಡೆಯುತ್ತದೆ.

ಇದೇ ಕಾಲದಲ್ಲಿ ಬುರುಡೆ ತೆರೆಯದೆ ಕೆಲಸ ಸಾಧಿಸುವ ಎರಡು ದಾರಿಗಳೂ ಹೊಳೆದುವು. ಮೊದಲನೆಯದು ನಾಳದ ಒಳಗಿನಿಂದಲೇ ಹೋಗಿ ಮುಚ್ಚುವ ದಾರಿ. 1960ರಲ್ಲಿ ವಾಷಿಂಗ್ಟನ್ನಿನ ಆಲ್ಫ್ರೆಡ್ ಲೂಸೆನ್‌ಹಾಪ್ ಮತ್ತು ಸ್ಪೆನ್ಸ್ ಅವರು ಕುತ್ತಿಗೆಯ ಧಮನಿಯ ಮೂಲಕ ಪ್ಲಾಸ್ಟಿಕ್ಕಿನ ಸಣ್ಣ ಗುಂಡುಗಳನ್ನು ಹರಿಯಬಿಟ್ಟ ವರದಿಯನ್ನು ಪ್ರಕಟಿಸಿದರು. ಸಿಕ್ಕಿನ ಕಡೆಗೇ ರಕ್ತ ಹೆಚ್ಚಾಗಿ ನುಗ್ಗುವುದರಿಂದ ಗುಂಡುಗಳೂ ಅತ್ತಲೇ ಸೆಳೆಯಲ್ಪಟ್ಟು ಅಲ್ಲಿ ತಂಗುವುವೆಂಬುದು ಅವರ ಯುಕ್ತಿ. ರೋಗದ ರಭಸವನ್ನೇ ರೋಗದ ವಿರುದ್ಧ ಹೂಡಿದ ಜಾಣ್ಮೆಯದು. ಮಾಸ್ಕೋವಿನ ಫ್ಯೋಡರ್ ಸೆರ್ಬಿನೆಂಕೊ ಅವರು ಸಣ್ಣ ನಳಿಕೆಯ ತುದಿಗೆ ಪುಟ್ಟ ಬೆಲೂನನ್ನು ಕಟ್ಟಿ ಮಿದುಳಿನ ನಾಳಗಳೊಳಗೆ ಒಯ್ದರು. 1974ರಲ್ಲಿ ಅವರ ಲೇಖನ ಹೊರಲೋಕಕ್ಕೆ ತಿಳಿಯಿತು. ಇಂದು ತೊಡೆಸಂದಿಯ ಅಥವಾ ಮಣಿಕಟ್ಟಿನ ಧಮನಿಯಿಂದ ಎಳೆಯಂಥ ನಳಿಕೆಯನ್ನು ಮಿದುಳಿನವರೆಗೆ ನಡೆಸಿ, ರಕ್ತ ತಾಗಿದೊಡನೆ ಗಟ್ಟಿಯಾಗುವ ಅಂಟನ್ನು ಸಿಕ್ಕಿನೊಳಗೆ ತುಂಬುತ್ತಾರೆ. ಇದೊಂದರಿಂದಲೇ ಪೂರ್ತಿ ಗುಣವಾಗುವುದು ಕೆಲವರಿಗೆ ಮಾತ್ರ. ಬಹುತೇಕ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಸಿಕ್ಕಿನ ಬಲವನ್ನು ಕುಗ್ಗಿಸಲು ಇದನ್ನು ಬಳಸುತ್ತಾರೆ.

ಎರಡನೆಯದು ಕಿರಣದ ದಾರಿ. ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ ಅವರು ಓಲಿವೆಕ್ರೋನಾ ಅವರ ಶಿಷ್ಯರು. ಕಿರಣವನ್ನೇ ಕತ್ತಿಯಾಗಿಸಬಹುದೆಂಬ ಕಲ್ಪನೆಯನ್ನು ಅವರು 1951ರಲ್ಲಿಯೇ ಬರೆದಿದ್ದರು. 1960ರ ದಶಕದ ಕೊನೆಗೆ ಅದಕ್ಕೆ ಯಂತ್ರರೂಪ ಬಂತು. ಮೊದಲ ಯಂತ್ರದಲ್ಲಿ ಕೋಬಾಲ್ಟಿನ 179 ಆಕರಗಳು. ಒಂದೊಂದರ ಕಿರಣವೂ ದುರ್ಬಲ, ಎಲ್ಲ ಕಿರಣಗಳೂ ಸಂಧಿಸುವ ಬಿಂದುವಿನಲ್ಲಿ ಮಾತ್ರ ಪ್ರಬಲ. ಬಿಸಿಲಿಗೆ ಹಿಡಿದ ಭೂತಗನ್ನಡಿ ಕಾಗದವನ್ನು ಒಂದೇ ಚುಕ್ಕಿಯಲ್ಲಿ ಸುಡುವುದನ್ನು ಮಕ್ಕಳು ನೋಡಿರುತ್ತಾರೆ; ತತ್ತ್ವ ಅದೇ ಬಗೆಯದು. 1970ರಲ್ಲಿ ಲಾಡಿಸ್ಲಾವ್ ಸ್ಟೈನರ್ ಮತ್ತು ಲೆಕ್ಸೆಲ್ ಅವರ ತಂಡ ಇದನ್ನು ಮಿದುಳಿನ ಸಿಕ್ಕಿಗೆ ಪ್ರಯೋಗಿಸಿತು. ಕಿರಣ ತಾಗಿದ ನಾಳದ ಗೋಡೆ ಒಳಗಿನಿಂದ ಮೆಲ್ಲಮೆಲ್ಲನೆ ದಪ್ಪಗಾಗಿ ದಾರಿ ಮುಚ್ಚುತ್ತದೆ. ಹಾಗೆ ಮುಚ್ಚಲು ಎರಡು ಮೂರು ವರ್ಷ ಬೇಕು. ಅಷ್ಟರವರೆಗೆ ಒಡೆಯುವ ಭಯ ತಪ್ಪಿದ್ದಲ್ಲ. ಮೂರು ಸೆಂಟಿಮೀಟರಿಗಿಂತ ಸಣ್ಣ ಸಿಕ್ಕುಗಳಿಗೆ, ಅದರಲ್ಲಿಯೂ ಕತ್ತಿ ತಲುಪಲಾಗದ ಆಳದಲ್ಲಿರುವವುಗಳಿಗೆ, ಇದು ಒಳ್ಳೆಯ ದಾರಿಯೆನಿಸಿದೆ.

ಹೀಗೆ ಕತ್ತಿ, ಅಂಟು, ಕಿರಣ ಎಂಬ ಮೂರು ಆಯುಧಗಳು ಕೈಗೆ ಬಂದುವು. ಯಾರಿಗೆ ಯಾವುದು ಎಂಬುದನ್ನು ತೂಗಲು ಒಂದು ಅಳತೆಗೋಲು ಬೇಕಾಯಿತು. ಅದನ್ನು 1986ರಲ್ಲಿ ಕೊಟ್ಟವರು ಅಮೆರಿಕದ ರಾಬರ್ಟ್ ಸ್ಪೆಟ್ಸ್ಲರ್ ಮತ್ತು ನೀಲ್ ಮಾರ್ಟಿನ್. ಸಿಕ್ಕು ಮೂರು ಸೆಂಟಿಮೀಟರಿಗಿಂತ ಸಣ್ಣದಾದರೆ ಒಂದು ಅಂಕ, ಮೂರರಿಂದ ಆರರವರೆಗೆ ಎರಡು, ಅದಕ್ಕೂ ಮಿಕ್ಕಿದರೆ ಮೂರು. ಮಾತು, ಚಲನೆ, ದೃಷ್ಟಿ ಮುಂತಾದವನ್ನು ಆಳುವ ಎಡೆಯಲ್ಲಿದ್ದರೆ ಇನ್ನೊಂದು. ರಕ್ತ ಆಳದ ಸಿರೆಗಳಿಗೆ ಇಳಿಯುತ್ತಿದ್ದರೆ ಮತ್ತೊಂದು. ಮಿದುಳಿನ ಅಂಥ ಮುಖ್ಯ ಎಡೆಗಳಿಗೆ ಇಂಗ್ಲಿಷಿನಲ್ಲಿ 'ವಾಗ್ಮಿ' ಎಂಬರ್ಥದ ವಿಶೇಷಣವನ್ನು ಇಟ್ಟಿದ್ದಾರೆ. ಭಾಷೆಯ ಅಧ್ಯಾಪಕನಾದ ನನಗೆ ಆ ಹೆಸರು ಬಹಳ ಹಿಡಿಸಿತು. ಅಲ್ಲಿ ಪೆಟ್ಟಾದರೆ ಮನುಷ್ಯನಿಗೆ ಒದಗುವ ನಷ್ಟ ಎದ್ದು ಕಾಣುತ್ತದೆ. ಮಾತು ಹೋಗಬಹುದು, ಕೈಕಾಲು ಸೋಲಬಹುದು. ಒಟ್ಟು ಅಂಕ ಒಂದು ಎರಡಾದರೆ ಶಸ್ತ್ರಚಿಕಿತ್ಸೆ ಬಹುಮಟ್ಟಿಗೆ ಸುರಕ್ಷಿತ. ಮೂರಾದರೆ ಪ್ರತಿಯೊಬ್ಬರಿಗೂ ಬೇರೆಯಾಗಿ ಯೋಚಿಸಬೇಕು. ನಾಲ್ಕು ಐದಾದರೆ ಸಾಮಾನ್ಯವಾಗಿ ಮುಟ್ಟದಿರುವುದೇ ಮೇಲು.

ಇಷ್ಟಾದಮೇಲೆ ಪ್ರಶ್ನೆ ತೀರಿತೆನ್ನಬಹುದಿತ್ತು. ತೀರಲಿಲ್ಲ, ಹೊಸ ಬಾಗಿಲಿನಿಂದ ಮತ್ತೆ ಒಳಬಂತು. 1970ರ ದಶಕದಲ್ಲಿ ಸಿ.ಟಿ. ಯಂತ್ರವೂ, 1980ರ ದಶಕದಲ್ಲಿ ಎಂ.ಆರ್.ಐ. ಯಂತ್ರವೂ ಆಸ್ಪತ್ರೆಗಳಿಗೆ ಬಂದುವು. ಬೇರೆ ಯಾವುದೊ ಕಾರಣಕ್ಕೆ ತಲೆಯ ಚಿತ್ರ ತೆಗೆಸಿದವರಲ್ಲಿ, ಎಂದೂ ಒಡೆಯದ, ನೋವು ಕೊಡದ ಸಿಕ್ಕುಗಳು ಕಾಣತೊಡಗಿದುವು. ಒಡೆದ ಸಿಕ್ಕು ಮತ್ತೆ ಒಡೆಯುವ ಸಂಭವ ಹೆಚ್ಚು. ಅಲ್ಲಿ ಚಿಕಿತ್ಸೆಯ ಕಡೆಗೆ ತಕ್ಕಡಿ ವಾಲುವುದು ಸಹಜ. ಮಲಗಿರುವ ಸಿಕ್ಕನ್ನು ಎಬ್ಬಿಸಬಹುದೆ?

ಮುಟ್ಟದೆ ಬಿಟ್ಟರೆ ಏನಾದೀತೆಂಬ ಲೆಕ್ಕ ಇಲ್ಲಿ ಬೇಕು. ಫಿನ್ಲೆಂಡಿನಲ್ಲಿ 160 ರೋಗಿಗಳನ್ನು ಸರಾಸರಿ ಇಪ್ಪತ್ತನಾಲ್ಕು ವರ್ಷಗಳಷ್ಟು ಕಾಲ ಗಮನಿಸಿ 1990ರಲ್ಲಿ ಪ್ರಕಟಿಸಿದ ವರದಿಯಂತೆ, ವರ್ಷಕ್ಕೆ ನೂರಕ್ಕೆ ನಾಲ್ವರಲ್ಲಿ ರಕ್ತಸ್ರಾವ, ಒಬ್ಬರ ಮರಣ. ಮುಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಡೆಯದ ಸಿಕ್ಕಿಗೆ ವರ್ಷಕ್ಕೆ ನೂರಕ್ಕೆ ಸುಮಾರು ಎರಡು ಎಂಬ ಅಂದಾಜು ಬಂದಿದೆ. ನೂರಕ್ಕೆ ಎರಡು ಅಲ್ಪವೆಂದು ತೋರುತ್ತದೆ. ಆದರೆ ಇದು ವರ್ಷವರ್ಷವೂ ಸೇರುತ್ತ ಹೋಗುವ ಲೆಕ್ಕ. ಚಕ್ರಬಡ್ಡಿ ಕಲಿತ ಪ್ರೌಢಶಾಲೆಯ ಹುಡುಗನೂ ಮಾಡಬಲ್ಲ. ಇಪ್ಪತ್ತೈದರ ತರುಣಿಗೆ ಇನ್ನು ಐವತ್ತು ವರ್ಷ ಬಾಳುವೆಯಿದೆ ಎನ್ನೋಣ. ಆ ಅವಧಿಯಲ್ಲಿ ಒಮ್ಮೆಯಾದರೂ ಒಡೆಯುವ ಸಂಭವ ನೂರಕ್ಕೆ 64. ಎಪ್ಪತ್ತರ ವೃದ್ಧರಿಗೆ ಹತ್ತು ವರ್ಷವೆಂದು ಹಿಡಿದರೆ ನೂರಕ್ಕೆ 18. ಸಿಕ್ಕು ಒಂದೇ ಬಗೆಯದು, ಎದುರಿನ ಆಯುಷ್ಯ ಬೇರೆ. ಆದ್ದರಿಂದ ಉಪಾಯವೂ ಬೇರೆಯಾಗಬೇಕಾದೀತು.

ಈ ಪ್ರಶ್ನೆಯನ್ನು ಪರೀಕ್ಷೆಗೇ ಒಡ್ಡಿ ನೋಡೋಣವೆಂದು ನ್ಯೂಯಾರ್ಕಿನ ವೈದ್ಯರ ಮುಂದಾಳುತನದಲ್ಲಿ 2007ರಲ್ಲಿ 'ಅರೂಬ' ಎಂಬ ಪ್ರಯೋಗ ಆರಂಭವಾಯಿತು. ಒಂಬತ್ತು ದೇಶಗಳ 39 ಆಸ್ಪತ್ರೆಗಳು ಸೇರಿದುವು. ಒಡೆಯದ ಸಿಕ್ಕು ಇದ್ದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅಪಸ್ಮಾರ, ತಲೆನೋವುಗಳಿಗೆ ಔಷಧ ಮಾತ್ರ. ಮತ್ತೊಂದಕ್ಕೆ ಔಷಧದ ಜೊತೆಗೆ ಕತ್ತಿ, ಅಂಟು, ಕಿರಣಗಳಲ್ಲಿ ತಕ್ಕದ್ದು. 2013ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸರಾಸರಿ 33 ತಿಂಗಳಲ್ಲಿ, ಔಷಧದ ಗುಂಪಿನ 109 ಮಂದಿಯಲ್ಲಿ 11 ಮಂದಿಗೆ ಪಾರ್ಶ್ವವಾಯು ಅಥವಾ ಮರಣ ಒದಗಿತ್ತು. ಚಿಕಿತ್ಸೆಯ ಗುಂಪಿನ 114 ಮಂದಿಯಲ್ಲಿ 35 ಮಂದಿಗೆ. ಸುಮ್ಮನಿದ್ದವರೇ ಲೇಸಾಗಿದ್ದರು.

ಶಸ್ತ್ರವೈದ್ಯರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಅವರ ಆಕ್ಷೇಪಗಳಲ್ಲಿ ಹುರುಳಿದೆ. ಚಿಕಿತ್ಸೆಯ ಅಪಾಯ ಮೊದಲ ದಿನಗಳಲ್ಲಿಯೇ ತೀರಿಹೋಗುವಂಥದು; ಕಾಯುವವನ ಅಪಾಯ ಬಾಳಿನುದ್ದಕ್ಕೂ ಹಬ್ಬಿದ್ದು. ಐವತ್ತು ವರ್ಷಗಳ ಸಾಲವನ್ನು ಮೂರು ವರ್ಷಗಳ ಬಡ್ಡಿಯಿಂದ ಅಳೆಯಬಹುದೆ ಎಂದು ಅವರು ಕೇಳಿದರು. ಸಣ್ಣ ಸಿಕ್ಕುಗಳನ್ನು ನುರಿತ ಕೈಗಳು ತೆಗೆದಾಗ ಬರುವ ಒಳ್ಳೆಯ ಫಲ ಈ ಪ್ರಯೋಗದಲ್ಲಿ ಕಾಣಲಿಲ್ಲ, ಏಕೆಂದರೆ ಬರಿಯ ಶಸ್ತ್ರಚಿಕಿತ್ಸೆ ಪಡೆದವರು ಅದರಲ್ಲಿ ಬಹು ಕಡಮೆ ಎಂದರು. ರೋಗಿಗಳನ್ನು ಇನ್ನಷ್ಟು ಕಾಲ ಗಮನಿಸಿ 2020ರಲ್ಲಿ ಹೊರಟ ಅಂತಿಮ ವರದಿಯೂ ಹಿಂದಿನ ಫಲವನ್ನೇ ಎತ್ತಿಹಿಡಿಯಿತು; ಆದರೆ ಅದರ ಅವಧಿಯೂ ಮನುಷ್ಯನ ಆಯುಷ್ಯದೆದುರು ಚಿಕ್ಕದೇ. 2018ರಲ್ಲಿ, ಅನೇಕ ರೋಗಿಗಳ ಸಿಕ್ಕಿನ ನಾಳಗಳಲ್ಲಿ ಕೆ-ರಾಸ್ ಎಂಬ ವಂಶವಾಹಿಯ ವ್ಯತ್ಯಾಸ ಕಂಡುಬಂದಿದೆ. ಅದು ತಂದೆತಾಯಿಗಳಿಂದ ಬಂದುದಲ್ಲ. ಆ ಜಾಗದಲ್ಲಿಯೇ ಉಂಟಾದದ್ದು. ಮುಂದೆ ಔಷಧದಿಂದಲೇ ಈ ಸಿಕ್ಕು ಸಡಿಲವಾದೀತೆಂಬ ಆಸೆಗೆ ಇದು ಎಡೆಗೊಟ್ಟಿದೆ.

ನಮ್ಮ ನಾಡಿನ ಮಾತನ್ನೂ ಎರಡು ವಾಕ್ಯದಲ್ಲಿ ಹೇಳಬೇಕು. 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರು ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಆರಂಭಿಸಿದರು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕತ್ತಿ, ಅಂಟು, ಕಿರಣ ಈ ಮೂರೂ ಇಂದು ದೊರೆಯುತ್ತವೆ. ಇವಕ್ಕಾಗಿ ಕಡಲು ದಾಟಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತು. ಹಿಂದೆಂದೂ ಕಾಣದಂಥ ತೀವ್ರ ತಲೆನೋವು ಒಮ್ಮೆಲೇ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಹಾಗಲ್ಲದೆ, ಯಾರಿಗಾದರೂ ಚಿತ್ರದಲ್ಲಿ ಆಕಸ್ಮಿಕವಾಗಿ ಸಿಕ್ಕು ಕಂಡಿತೆಂದರೆ, ಆ ದಿನವೇ ತೀರ್ಮಾನಿಸಬೇಕೆಂದು ಬೆದರುವ ಕಾರಣ ಸಾಮಾನ್ಯವಾಗಿ ಇರುವುದಿಲ್ಲ. ಅದು ಹಿಂದೆ ಒಡೆದಿದೆಯೆ, ಎಷ್ಟು ದೊಡ್ಡದು, ಎಲ್ಲಿದೆ, ಯಾವ ಸಿರೆಗೆ ಇಳಿಯುತ್ತದೆ, ಈ ಕೆಲಸದಲ್ಲಿ ಆ ಆಸ್ಪತ್ರೆಯ ಕೈ ಎಷ್ಟು ಪಳಗಿದೆ ಎಂದು ಸಮಾಧಾನದಿಂದ ಕೇಳಬೇಕು. ಶಸ್ತ್ರವೈದ್ಯರನ್ನೂ, ನಾಳದೊಳಗಿನ ಚಿಕಿತ್ಸೆಯವರನ್ನೂ, ಕಿರಣಚಿಕಿತ್ಸೆಯವರನ್ನೂ ಕೇಳಿ, ಕಾದು ನೋಡುವುದನ್ನೂ ಒಂದು ಉಪಾಯವೆಂದೇ ಎಣಿಸಿ ತೂಗಬೇಕು.

1928ರಲ್ಲಿ ಕುಷಿಂಗ್ ಅವರು ಕೈ ಹಿಂದೆಗೆದದ್ದು ದಾರಿ ಕಾಣದೆ. ಇಂದಿನ ವೈದ್ಯರು ಕೆಲವೊಮ್ಮೆ ಕೈ ಹಿಂದೆಗೆಯುವುದು ಮೂರು ದಾರಿಗಳನ್ನೂ ನಡೆದು ನೋಡಿ, ಒಂದೊಂದರ ಬೆಲೆಯನ್ನೂ ಅರಿತಮೇಲೆ. ನಡುವಿನ ತೊಂಬತ್ತಕ್ಕೂ ಮಿಕ್ಕಿದ ವರ್ಷಗಳಲ್ಲಿ ಎಷ್ಟೋ ಜನ ಬದುಕಿ ಮನೆಗೆ ಮರಳಿದ್ದಾರೆ. ಮರಳದವರಿಂದಲೂ ಶಾಸ್ತ್ರ ಕಲಿತಿದೆ. ಅವರ ಋಣವನ್ನೂ ನಾವು ನೆನೆಯಬೇಕು.